ವಿಜಯನಗರದ ಅರಮನೆಗಳೂ ಅಹಮದಖಾನನ ಧರ್ಮಸಾಲೆಯೂ

ಪಂಪಾಕ್ಷೇತ್ರವು ಶಿವಭಕ್ತರಿಗೆ ಹೊಸತಾಗಿ ಪರಿಚಯ ಮಾಡಿಕೊಡಬೇಕಾದ ಸ್ಥಳವಲ್ಲ. ವಿಜಯನಗರವೆಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಹರಿಹರ ಮಹಾಕವಿಯು ಇಲ್ಲಿಯ ವಿರೂಪಾಕ್ಷನ ಸನ್ನಿಧಿಯಲ್ಲಿ ನಿಂತು ಗಿರಿಜಾಕಲ್ಯಾಣವನ್ನೂ ಶರಣರ ರಗಳೆಗಳನ್ನೂ ರಚಿಸಿದನು. ಅವನ ಸೋದರಳಿಯನಾದ ರಾಘವಾಂಕನ ಕೀರ್ತಿಯೂ ಈ ಕ್ಷೇತ್ರದೊಡನೆ ಹೆಣೆದುಕೊಂಡಿರುವುದು. ಆದುದರಿಂದ ಚೈತ್ರಮಾಸದ ರಥೋತ್ಸವಕ್ಕೆಂದು ನಾಡಿನ ನಾಲ್ಕೂ ಕಡೆಗಳಿಂದ ಬರುವ ಭಕ್ತರು ತುಂಗಭದ್ರೆಯಲ್ಲಿ ಮಿಂದು, ವಿರೂಪಾಕ್ಷನ ದರ್ಶನವನ್ನು ಪಡೆದು, ಹೇಮಕೂಟವನ್ನೇರಿ ಇಳಿದು, ಬಂಡಿ ಕಟ್ಟಿಕೊಂಡು ಊರ ದಾರಿ ಹಿಡಿಯುವುದು ವಾಡಿಕೆಯಾಗಿತ್ತು. ಬಂಡಿಯ ಸ್ಥಾನಕ್ಕೆ ಮೋಟಾರು ಬಂದಿದ್ದರೂ ಈ ವಾಡಿಕೆಯು ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ದೇವಾಲಯದಿಂದ ದಕ್ಷಿಣಕ್ಕೆ ಎರಡು ಮೈಲಿಗಳಷ್ಟು ದೂರದಲ್ಲಿ, ಕಮಲಾಪುರದ ಸಮೀಪದಲ್ಲಿರುವ ಅರಮನೆಯ ಆವರಣವನ್ನು ನೋಡುವವರು ಕೆಲವರು. ಅಲ್ಲಿಂದ ಈಶಾನ್ಯಕ್ಕೆ, ತಳವಾರಘಟ್ಟದ ದಾರಿಯ ಕಡೆಗೆ ತಿರುಗಿ, ಬಂಡೆಗಳ ನಡುವೆ ನಿಂತಿರುವ ಒಂದು ಕಂಬಗಳ ಚಾವಡಿಯನ್ನು ಹುಡುಕಿಕೊಂಡು ಹೋಗುವವರಾದರೋ ಅತಿ ವಿರಳ. ಆ ಚಾವಡಿಯು ಮಸೀದಿಯು. ಅದರ ಕಲ್ಲಿನ ಮೇಲಿರುವುದು ಕನ್ನಡ ಶಾಸನವು. ಅರಮನೆಗಳನ್ನೂ ಈ ಮಸೀದಿಯನ್ನೂ ಜೊತೆಯಾಗಿ ಇಟ್ಟು ನೋಡಿದ ಹೊರತು ಈ ಪಟ್ಟಣದ ಸ್ವರೂಪವು ಯಾತ್ರಿಕನ ಮನಸ್ಸಿಗೆ ನಿಲುಕಲಾರದು.

ಹೊಸಪೇಟೆಯ ಕಡೆಯಿಂದ ಬರುವವನಿಗೆ ರಾಯರ ಕಾಲದ ಮೊದಲನೆಯ ಕುರುಹು ಕಟ್ಟಡವಲ್ಲ, ನೀರು. ಹೊಸಪೇಟೆಯೇ ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವು. ಊರಿನ ಮೇಲ್ಗಡೆ ಟಿ. ಬಿ. ಡ್ಯಾಂ ಎಂದು ಜನರು ಕರೆಯುವ ತುಂಗಭದ್ರಾ ಅಣೆಕಟ್ಟು ಇರುವುದು. 1945ರಲ್ಲಿ ಇದಕ್ಕೆ ಅಸ್ತಿಭಾರವನ್ನು ಹಾಕಿದವು ಅಂದಿನ ಮದರಾಸು ಮತ್ತು ಹೈದರಾಬಾದು ಸರಕಾರಗಳು. 1953ರಲ್ಲಿ ನೀರು ಕಾಲುವೆಗಳಿಗೆ ಹರಿಯಿತು. ಆಗ ಜಲಾಶಯದೊಳಗೆ ಮುಳುಗಿದವುಗಳಲ್ಲಿ ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಒಡ್ಡೂ ಒಂದು. ಒಡ್ಡು ಮುಳುಗಿದರೂ ಅದರಿಂದ ಹೊರಟ ಬಸವಣ್ಣ ಕಾಲುವೆಯೂ ರಾಯ ಕಾಲುವೆಯೂ ಬತ್ತಲಿಲ್ಲ. ಅವು ಈಗ ಜಲಾಶಯದ ನೀರನ್ನು ಕುಡಿದು ಹರಿಯುತ್ತಲಿವೆ. ಹಂಪೆಯ ಗುಡ್ಡಗಳ ನಡುವೆ ತುರ್ತ ಕಾಲುವೆಯು ಇಂದಿಗೂ ಬಾಳೆಯ ತೋಟಗಳಿಗೂ ಗದ್ದೆಗಳಿಗೂ ನೀರುಣಿಸುತ್ತಿರುವುದು. “ಹಾಳು ಹಂಪೆ”ಯೆಂದು ಆಡುವ ಮಾತು ಅರಮನೆಗೆ ಸಲ್ಲುವುದೇ ಹೊರತು ಕಾಲುವೆಗೆ ಸಲ್ಲುವುದಿಲ್ಲ.

ಅರಮನೆಯ ಆವರಣದೊಳಗೆ ಕಾಲಿಟ್ಟ ಯಾತ್ರಿಕನಿಗೆ ಮೊದಲು ಉಂಟಾಗುವುದು ನಿರಾಶೆ. ಅವನು ಅರಮನೆಗಳನ್ನು ನೋಡಬಂದಿರುತ್ತಾನೆ. ಅಲ್ಲಿ ಕಾಣುವುದು ಬರಿಯ ಜಗತಿಗಳು. ದೇವಾಲಯಗಳೆಲ್ಲ ಕಂಬ, ತೊಲೆ, ಗೋಪುರಗಳೊಡನೆ ನಿಂತಿರುವಾಗ ಅರಸರ ಮನೆಗಳು ಮಾತ್ರ ಮೊಣಕಾಲೆತ್ತರದ ಕಲ್ಲುಗಳಾಗಿ ಉಳಿದುದೇಕೆ ಎಂಬ ಶಂಕೆಯು ಸಹಜವೇ. ಇದಕ್ಕೆ ಸಮಾಧಾನವು ಆ ಕಲ್ಲುಗಳಲ್ಲಿಯೇ ದೊರೆಯುವುದು. ದೇವರ ಮನೆಯನ್ನು ತಳದಿಂದ ಮಾಳಿಗೆಯವರೆಗೆ ಕಲ್ಲಿನಿಂದಲೇ ಕಟ್ಟುತ್ತಿದ್ದರು. ಅರಸನ ಮನೆಗಾದರೋ ಕಲ್ಲು ತಳಪಾಯಕ್ಕೆ ಮಾತ್ರ; ಅದರ ಮೇಲೆ ಮರದ ಕಂಬಗಳು, ಮರದ ತೊಲೆಗಳು, ಇಟ್ಟಿಗೆ ಗಾರೆಗಳ ಗೋಡೆಗಳು, ಬಣ್ಣದ ಗಿಲಾವು. ಸಭಾಂಗಣವೆಂದು ಗುರುತಿಸಿರುವ ದೊಡ್ಡ ಜಗತಿಯ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲುಗಳಲ್ಲಿ ನೂರು ಕಂಬಗಳ ಪೀಠಗಳು ಕಾಣುವುವು. ಪೀಠಗಳು ಕಲ್ಲಿನವು, ನೂರು ಕಂಬಗಳೂ ಮರದವಾಗಿದ್ದುದರಿಂದ ಒಂದೂ ಉಳಿದಿಲ್ಲ. ಪಕ್ಕದಲ್ಲಿ ಮೆಟ್ಟಿಲುಗಳು ಮೇಲಕ್ಕೇರಿ ಆಕಾಶದಲ್ಲಿ ಮುಗಿಯುವುವು; ಅವು ತಲಪುತ್ತಿದ್ದ ಮೇಲ್ಮಾಳಿಗೆಯು ಈಗ ಇಲ್ಲ. ಅರಮನೆಗಳ ನೆಲೆಗಳನ್ನು ಅಗೆದವರಿಗೆ ಸುಟ್ಟ ಮರದ ಇದ್ದಲು ದೊರೆತಿರುವುದರಿಂದ, ಇವುಗಳಿಗೆ ಬಂದ ಗತಿಯು ಯಾವುದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಮಹಾನವಮಿ ದಿಬ್ಬವು ಮಾತ್ರ ತನ್ನ ಗಾತ್ರದಿಂದಲೇ ಉಳಿದುಕೊಂಡಿತು. ಹಂತಹಂತವಾಗಿ ಏರಿರುವ ಈ ಜಗತಿಯ ಸುತ್ತಲೂ ಆನೆಗಳ ಸಾಲು, ಕುದುರೆಗಳ ಸಾಲು, ಬೇಟೆ, ಕುಣಿತ, ಕೋಲಾಟಗಳು ಕಂಡರಿಸಲ್ಪಟ್ಟಿವೆ. ಕುದುರೆಗಳ ಲಗಾಮನ್ನು ಹಿಡಿದು ನಡೆಸುವವರಲ್ಲಿ ಕೆಲವರ ಉಡುಪೂ ಟೊಪ್ಪಿಗೆಯೂ ಈ ನಾಡಿನವಲ್ಲ. ಅರಬರ, ಪಾರಸಿಕರ ಕುದುರೆಗಳಿಲ್ಲದೆ ರಾಯರ ಸೈನ್ಯವು ನಡೆಯುತ್ತಿರಲಿಲ್ಲ. ಕುದುರೆಗಳೊಡನೆ ಕುದುರೆಯವರೂ ಬಂದರು. ಕ್ರಿ. ಶ. 1520ರ ಸುಮಾರಿಗೆ ಇಲ್ಲಿದ್ದ ದೊಮಿಂಗೊ ಪಾಯಸ್ ಎಂಬ ಪೋರ್ಚುಗೀಸನು ಇದನ್ನು ವಿಜಯದ ಮನೆಯೆಂದು ಕರೆದು, ಒರಿಸ್ಸದ ಅರಸನ ಮೇಲಣ ಯುದ್ಧದಿಂದ ಹಿಂದಿರುಗಿದ ಕೃಷ್ಣದೇವರಾಯನು ಇದನ್ನು ಕಟ್ಟಿಸಿದನೆಂದು ಬರೆದಿರುವನು. ಕೆಳಗಣ ಹಂತಗಳ ಶಿಲ್ಪವು ಅದಕ್ಕಿಂತ ಹಳೆಯ ಶೈಲಿಯದಾಗಿರುವುದರಿಂದ, ಹಿಂದಿನ ದಿಬ್ಬವನ್ನೇ ಅವನು ಬೆಳೆಯಿಸಿದನೆಂದು ತಿಳಿಯುವುದು ಯುಕ್ತವು.

ದಿಬ್ಬದ ಬಳಿಯಲ್ಲಿಯೇ ಇರುವ ಪುಷ್ಕರಣಿಯ ವಿಷಯವನ್ನು ಇಲ್ಲಿ ಬಿಡಲಾಗದು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂದ ಈ ಕೊಳವು, ಕರಿಯ ಬಳಪದ ಕಲ್ಲಿನ ಮೆಟ್ಟಿಲುಗಳನ್ನು ಗಣಿತದ ಲೆಕ್ಕದಂತೆ ಇಳಿಸಿಕೊಂಡು ಹೋಗಿರುವುದು. ಒಂದೊಂದು ಕಲ್ಲಿನ ಮೇಲೆಯೂ ಅದು ಯಾವ ದಿಕ್ಕಿನದು, ಯಾವ ಸಾಲಿನದು, ಎಷ್ಟನೆಯದು ಎಂಬುದನ್ನು ತೋರಿಸುವ ಗುರುತಿನ ಅಕ್ಷರಗಳನ್ನು ಕಲ್ಲುಕುಟಿಗರು ಕೊರೆದಿರುವರು. ಬೇರೆ ಎಲ್ಲಿಯೋ ಕಡೆದು ಸಿದ್ಧಮಾಡಿದ ಕಲ್ಲುಗಳನ್ನು ತಂದು ಇಲ್ಲಿ ಜೋಡಿಸಿದರೆಂಬುದು ಇದರಿಂದ ಸ್ಪಷ್ಟವಾಗುವುದು. ಕಾವ್ಯವನ್ನೂ ತಾಮ್ರಶಾಸನವನ್ನೂ ಬರೆದ ಲಿಪಿಯಲ್ಲಿಯೇ ಕಲ್ಲಿನ ಕೆಲಸದವನು ತನ್ನ ಲೆಕ್ಕವನ್ನು ಬರೆದಿಟ್ಟುದನ್ನು ನೋಡುವಾಗ, ಎಷ್ಟೋ ಪ್ರಶಸ್ತಿಶ್ಲೋಕಗಳಿಗಿಂತ ಈ ಒಂಟಿ ಅಕ್ಷರಗಳೇ ಮನಸ್ಸಿಗೆ ಹತ್ತಿರವಾಗುವುವು.

ಈ ಜಗತಿಗಳ ಮೇಲೆ ಮರದ ಅರಮನೆಗಳು ನಿಂತಿದ್ದ ಕಾಲದಲ್ಲಿ ಅವುಗಳನ್ನು ಕಣ್ಣಾರೆ ಕಂಡು ಬರೆದವರಲ್ಲಿ ಅಬ್ದುರ್ ರಜಾಕನು ಮುಖ್ಯನು. ಇವನು ಹಿರಾತದ ಷಾಹರುಖ್ ಸುಲ್ತಾನನ ರಾಯಭಾರಿ. ಕಳ್ಳಿಕೋಟೆಗೆ ಬಂದಿದ್ದವನನ್ನು ವಿಜಯನಗರದ ಅರಸನು ತನ್ನಲ್ಲಿಗೆ ಕರೆಸಿಕೊಂಡನು. ಕ್ರಿ. ಶ. 1443ರಲ್ಲಿ ಬಂದ ಈತನು ಒಂದರೊಳಗೊಂದಾಗಿ ಏಳು ಕೋಟೆಗಳನ್ನು ಎಣಿಸಿದನು. ಅಂಗಡಿಬೀದಿಗಳಲ್ಲಿ ರತ್ನಪಡಿವ್ಯಾಪಾರಿಗಳು ಬಹಿರಂಗವಾಗಿ ಮುತ್ತು ಮಾಣಿಕಗಳನ್ನು ಮಾರುವುದನ್ನು ಕಂಡನು. ಮಹಾನವಮಿಯ ಉತ್ಸವದಲ್ಲಿ ನೆರೆದ ಆನೆಗಳನ್ನು ನೋಡಿ ಬೆರಗಾದನು. ಅರಸನು ನಾಲ್ವತ್ತು ಕಂಬಗಳ ಚಾವಡಿಯಲ್ಲಿ ಕುಳಿತು ಇವನಿಗೆ ದರ್ಶನವಿತ್ತು, ವೀಳ್ಯವನ್ನೂ ಕರ್ಪೂರವನ್ನೂ ಕೊಡಿಸಿದನು. ದಿನದಿನದ ಪಡಿಯಾಗಿ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಗಳೊಡನೆ ಎರಡು ವರಹಗಳು ಇವನ ಬಿಡಾರಕ್ಕೆ ತಲಪುತ್ತಿದ್ದುವು. ಅದೇ ವರುಷ ಅರಮನೆಯ ಒಳಗೇ ನಡೆದ ಒಂದು ಘಾತುಕದ ಕಥೆಯನ್ನೂ ಇವನು ಬರೆದಿಟ್ಟಿರುವನು. ಅರಸನ ತಮ್ಮನು ಹೊಸ ಮನೆಯನ್ನು ಕಟ್ಟಿಸಿ, ಗೃಹಪ್ರವೇಶದ ನೆವದಿಂದ ಪ್ರಧಾನರನ್ನು ಔತಣಕ್ಕೆ ಕರೆದು, ವಾದ್ಯಗಳ ಅಬ್ಬರದಲ್ಲಿ ಒಬ್ಬೊಬ್ಬರನ್ನಾಗಿ ಒಳಗೆ ಕರೆಯಿಸಿ ಕೊಲ್ಲಿಸಿ, ಕೊನೆಗೆ ಅರಸನ ಮೇಲೆಯೇ ಆಯುಧವನ್ನೆತ್ತಿದನಂತೆ. ಅರಸನು ಗಾಯಗೊಂಡು ಬದುಕಿದನು. ಅರಮನೆಗಳೆಂದರೆ ಭೋಗಸ್ಥಾನಗಳೆಂದೇ ತಿಳಿದವರು ಈ ಪ್ರಕರಣವನ್ನು ಒಮ್ಮೆ ಓದತಕ್ಕದ್ದು.

ಈ ಅರಸನೇ ಎರಡನೆಯ ದೇವರಾಯನು, ಭಕ್ತಜನರ ಬಾಯಲ್ಲಿ ಪ್ರೌಢದೇವರಾಯನು. ಆಳಿದುದು 1424ರಿಂದ 1446ರವರೆಗೆ. ವೀರಶೈವ ಸಾಹಿತ್ಯಕ್ಕೆ ಇವನ ಕಾಲವು ಎಂತಹ ಸುಗ್ಗಿಯೆಂಬುದು ಮಠದ ಶಿಷ್ಯರಿಗೆ ತಿಳಿದುದೇ ಆಗಿದೆ. ದಂಡನಾಯಕನಾಗಿದ್ದು ಶಿವತತ್ತ್ವಚಿಂತಾಮಣಿಯನ್ನು ರಚಿಸಿದ ಲಕ್ಕಣ್ಣ ದಂಡೇಶನು, ಪ್ರಭುಲಿಂಗಲೀಲೆಯ ಚಾಮರಸನು, ಜಕ್ಕಣಾರ್ಯನು ಇವರೆಲ್ಲ ಈ ಆಸ್ಥಾನದ ಸುತ್ತಿನವರು. ಅರಸನು ಭಾರತವನ್ನು ಕೇಳಲು ಹೊರಟಾಗ ಜಕ್ಕಣಾರ್ಯನು ಶರಣರ ಕಥೆಗಳನ್ನು ಹೇಳಿ ಅವನ ಮನಸ್ಸನ್ನು ತಿರುಗಿಸಿದನೆಂಬುದು ಅದೃಶ್ಯಕವಿಯ ಪ್ರೌಢರಾಯನ ಕಾವ್ಯದ ವಸ್ತುವು. ಅದು ಆ ಕಾಲಕ್ಕೆ ಈಚೆಗೆ ಹುಟ್ಟಿದ ಕಾವ್ಯವಾದುದರಿಂದ ಅದರ ಮಾತೆಲ್ಲವನ್ನೂ ಇತಿಹಾಸವೆಂದು ಸ್ವೀಕರಿಸುವುದು ಸಲ್ಲದು; ಭಕ್ತಿಗೆ ಅದರಿಂದ ಕೊರತೆಯೇನೂ ಇಲ್ಲ. ಲಕ್ಕಣ್ಣನ ಮಾತು ಹಾಗಲ್ಲ. ಶಾಸನಗಳು ಅವನನ್ನು ದಕ್ಷಿಣಸಮುದ್ರಾಧೀಶ್ವರನೆಂದು ಹೊಗಳುವುವು. ಅತ್ತ ರಜಾಕನು, ತಾನು ಬಂದ ಕಾಲದಲ್ಲಿ ದಣಾಯಕನು ಸಿಂಹಳದ ಎಲ್ಲೆಯ ಕಡೆಗೆ ದಂಡಯಾತ್ರೆ ಹೋಗಿದ್ದನೆಂದು ಹೇಳುವನು. ಒಬ್ಬರನ್ನೊಬ್ಬರು ಅರಿಯದ ಎರಡು ಸಾಕ್ಷಿಗಳು ಹೀಗೆ ಒಂದಾಗಿ ಕೂಡುವುದರಿಂದ, ಇತಿಹಾಸಜ್ಞರು ಇಬ್ಬರೂ ಒಬ್ಬನೇ ಎಂದು ಎಣಿಸಿರುವರು. ಹಿರಾತದ ಮುಸಲ್ಮಾನ ರಾಯಭಾರಿಯ ಪುಸ್ತಕದಲ್ಲಿ ಶಿವತತ್ತ್ವಚಿಂತಾಮಣಿಯ ಕರ್ತನು ಸುಳಿದುಹೋಗುವುದು ಸಾಮಾನ್ಯ ಸಂಗತಿಯಲ್ಲ.

ಇನ್ನು ನಿಂತಿರುವ ಕಟ್ಟಡಗಳ ಮಾತು. ಆವರಣದ ಒಳಗೂ ಹೊರಗೂ ಕಮಾನು ಗುಮ್ಮಟಗಳುಳ್ಳ ಹಲವು ಮಂದಿರಗಳು ಉಳಿದಿವೆ. ಇವುಗಳನ್ನು ಇಟ್ಟಿಗೆ ಕಲ್ಲು ಗಾರೆಗಳಿಂದ ಕಟ್ಟಿ, ಮೇಲೆ ಸುಣ್ಣದ ಗಿಲಾವನ್ನು ಹಚ್ಚಿರುವುದರಿಂದ ಬೆಂಕಿಯು ಇವುಗಳನ್ನು ನುಂಗಲಾರದಾಯಿತು. ಆದರೆ ಇವುಗಳಿಗೆ ಈಗ ಇರುವ ಹೆಸರುಗಳು ರಾಯರ ಕಾಲದವಲ್ಲ. ಪಟ್ಟಣವು ಹಾಳಾಗಿ ಎಷ್ಟೋ ಕಾಲವಾದ ಮೇಲೆ ಬಂದವರು ತಮ್ಮ ಊಹೆಗೆ ತೋರಿದಂತೆ ಇಟ್ಟವು. ಕಮಲಮಹಲೆಂಬುದನ್ನೇ ನೋಡಬಹುದು. ಇಪ್ಪತ್ತನಾಲ್ಕು ಕಂಬಗಳ ಮೇಲೆ, ಎಸಳೆಸಳಾಗಿ ಬಿಡಿಸಿದ ಕಮಾನುಗಳಿಂದ ಎದ್ದು, ನೆತ್ತಿಯಲ್ಲಿ ದೇವಾಲಯದ ಶಿಖರಗಳಂತಹ ಶಿಖರಗಳನ್ನು ಧರಿಸಿರುವ ಎರಡು ಮಾಳಿಗೆಯ ಈ ಮಂದಿರವನ್ನು ಜನರು ಚಿತ್ರಾಂಗಿಣಿ ಮಹಲೆಂದೂ ಕರೆಯುವರು. ಅಂತಃಪುರದ ರಾಣಿಯರ ವಿಹಾರಸ್ಥಾನವೆಂದು ತೋರಿಸುವವರು ಹೇಳುವರು. 1799ರಲ್ಲಿ ಸಿದ್ಧವಾದ ಒಂದು ನಕ್ಷೆಯಲ್ಲಾದರೋ ಇದಕ್ಕೆ ಮಂತ್ರಾಲೋಚನೆಯ ಮಂದಿರವೆಂದು ಹೆಸರಿರುವುದು. ಆನೆಯ ಲಾಯವೆಂದು ಹೆಸರಾದ ಹನ್ನೊಂದು ಅಂಕಣಗಳ ಉದ್ದನೆಯ ಕಟ್ಟಡವು ಇದರ ಸಮೀಪದಲ್ಲಿಯೇ ಇರುವುದು. ಪಟ್ಟದ ಆನೆಗಳ ಲಾಯದ ಮಗ್ಗುಲಲ್ಲಿ ರಾಣಿಯರನ್ನು ಇರಿಸುವ ಅರಸನಾರು? ತೋರಿಸುವವರು ಇದಕ್ಕೆ ಉತ್ತರವನ್ನು ಕೊಡುವುದಿಲ್ಲ. ರಾಣಿಯ ಸ್ನಾನಗೃಹವೆಂದು ಹೆಸರು ಪಡೆದ ಕೊಳದ ಮಂದಿರವೂ ಅರಮನೆಯ ಕೋಟೆಯ ಹೊರಗಿದೆ. ಅಲ್ಲಿ ರಾಣಿಯರೇ ಮಿಂದರೆಂಬುದಕ್ಕೆ ಆ ಹೆಸರಿನ ಹೊರತು ಬೇರೆ ಆಧಾರವಿಲ್ಲ.

ಹೆಸರಿನ ತಪ್ಪುಗಳಲ್ಲಿ ಪ್ರಕೃತಕ್ಕೆ ಬಹಳ ಮುಖ್ಯವಾದುದು ಮತ್ತೊಂದಿದೆ. ದಣಾಯಕನ ಕೋಟೆಯೆಂಬ ಆವರಣದೊಳಗೆ, ವಾದ್ಯಗೋಪುರದ ಬಳಿಯಲ್ಲಿ, ಕಮಾನುಗಳುಳ್ಳ ಒಂದು ಚಾವಡಿಯನ್ನು ಮಸೀದಿಯೆಂದು ಕರೆಯುತ್ತ ಬಂದಿರುವರು. ಕಮಾನನ್ನು ಕಂಡು ಮಸೀದಿಯೆಂದರು. ಆದರೆ ಮಸೀದಿಗೆ ಇರಲೇಬೇಕಾದುದು ಮಕ್ಕೆಯ ದಿಕ್ಕನ್ನು, ಎಂದರೆ ಈ ನಾಡಿನಲ್ಲಿ ಪಡುವಣ ದಿಕ್ಕನ್ನು ತೋರಿಸುವ ಗೋಡೆಯ ಗೂಡು. ಈ ಚಾವಡಿಯಲ್ಲಿ ಅದಿಲ್ಲ. ಇದು ಬಾಯ್ದೆರೆದಿರುವುದು ಉತ್ತರಕ್ಕೆ. ಅರಸನೋ ದಂಡನಾಯಕನೋ ಕುಳಿತು ಓಲಗವನ್ನು ಕೊಡುತ್ತಿದ್ದ ಸ್ಥಳವಿದೆಂದು ಶೋಧಕರು ತೀರ್ಮಾನಿಸಿರುವುದು ಸರಿಯಾಗಿಯೇ ಕಾಣುವುದು. ಹೀಗೆ ಮಸೀದಿಯ ರೂಪವುಳ್ಳದ್ದು ಮಸೀದಿಯಲ್ಲ. ನಿಜವಾದ ಮಸೀದಿಗೆ ಮಸೀದಿಯ ರೂಪವಿಲ್ಲ.

ಆ ನಿಜವಾದ ಮಸೀದಿಯೇ ಮೊದಲು ಹೇಳಿದ ಕಂಬಗಳ ಚಾವಡಿಯು. ದೂರದಿಂದ ನೋಡಿದವನು ಇದನ್ನು ಊರ ಮುಂದಣ ಮಂಟಪವೆಂದೋ ಅರವಟ್ಟಿಗೆಯೆಂದೋ ತಿಳಿದು ದಾಟಿಹೋಗುವನು. ಗುಮ್ಮಟವಿಲ್ಲ, ಮಿನಾರುಗಳಿಲ್ಲ, ಮುಂಗಡೆಯಲ್ಲಿ ಕಮಾನಿಲ್ಲ. ಹಂಪೆಯ ಯಾವ ದೇವಾಲಯದ ಮುಖಮಂಟಪದಲ್ಲಿಯಾದರೂ ಇರಬಹುದಾದಂತಹ ಕಂಬಗಳು, ಅವುಗಳ ಮೇಲೆ ಬೋದಿಗೆ, ತೊಲೆ, ಚಪ್ಪಟೆಯಾದ ಕಲ್ಲಿನ ಮಾಳಿಗೆ. ಒಳಕ್ಕೆ ಹೋಗಿ ಪಡುವಣ ಗೋಡೆಯನ್ನು ನೋಡಿದಾಗ ಮಾತ್ರ ಪ್ರಾರ್ಥನೆಯ ಗೂಡು ಕಣ್ಣಿಗೆ ಬೀಳುವುದು. ಪಕ್ಕದಲ್ಲಿ ಒಂದು ಗೋರಿಯಿದೆ. ಅದಕ್ಕೆ ಗುಮ್ಮಟವೂ ಕಮಾನುಗಳೂ ಉಂಟು. ಹತ್ತಿರದಲ್ಲಿ ಬಾವಿಯಿದೆ. ಗೋರಿಯನ್ನು ಗುಮ್ಮಟವಿಟ್ಟು ಕಟ್ಟಬಲ್ಲ ಕೆಲಸದವರು ಇದ್ದೇ ಇದ್ದರೆಂಬುದರಿಂದ, ಮಸೀದಿಯನ್ನು ಮಂಟಪದಂತೆ ಕಟ್ಟಿದುದು ತಿಳಿಯದೆ ಮಾಡಿದುದಲ್ಲ, ತಿಳಿದೇ ಮಾಡಿದುದು ಎಂಬುದು ಸಿದ್ಧವಾಗುವುದು.

ಶಾಸನವು ಶಾಲಿವಾಹನ ಶಕ 1361ನೆಯ, ಕ್ರಿ. ಶ. 1439ನೆಯ ವರುಷದ್ದು. ಅದರ ತಾತ್ಪರ್ಯವೇನೆಂದರೆ, ವೀರಪ್ರತಾಪ ದೇವರಾಯ ಮಹಾರಾಯರ ಸೇವಕನಾದ ಅಹಮದಖಾನನು ತನ್ನ ಅರಸನಿಗೆ ಪುಣ್ಯವಾಗಬೇಕೆಂದು ಧರ್ಮಸಾಲೆಯನ್ನು ಕಟ್ಟಿಸಿ ಬಾವಿಯನ್ನು ತೋಡಿಸಿದನು ಎಂಬುದು. ಮಸೀದಿಯೆಂಬ ಮಾತು ಅದರಲ್ಲಿಲ್ಲ. ಭಾಷೆಯು ಕನ್ನಡ, ಲಿಪಿಯು ಕನ್ನಡ, ರೀತಿಯು ಕನ್ನಡ ನಾಡಿನ ಸಾವಿರಾರು ದಾನಶಾಸನಗಳ ರೀತಿಯೇ. ದಂಡನಾಯಕನೊಬ್ಬನು ಶಿವಾಲಯಕ್ಕೆ ನಂದಾದೀವಿಗೆಯನ್ನು ಬಿಟ್ಟರೂ, ಸೆಟ್ಟಿಯೊಬ್ಬನು ಕೆರೆಯನ್ನು ಕಟ್ಟಿಸಿದರೂ ಬರೆಯಿಸುವುದು ಹೀಗೆಯೇ: ದೊರೆಯ ಆಯುರಾರೋಗ್ಯಕ್ಕಾಗಿ, ದೊರೆಯ ಪುಣ್ಯಕ್ಕಾಗಿ.

ಇದನ್ನು ಕುರಿತು ಎರಡು ವಿಧವಾದ ಆಕ್ಷೇಪಗಳು ಬರುವುದುಂಟು. ಹಿಂದೂ ಅರಸನ ಪಟ್ಟಣದಲ್ಲಿ ಮಸೀದಿಯೆಂದು ಹೇಳಲು ಅಂಜಿ, ಧರ್ಮಸಾಲೆಯೆಂಬ ಮರೆಯ ಮಾತನ್ನು ಬರೆಯಿಸಿದನೆಂದು ಕೆಲವರು ಹೇಳುವರು. ಇದು ನಿಲ್ಲತಕ್ಕ ಮಾತಲ್ಲ. ಪಡುವಣ ಗೋಡೆಯ ಗೂಡು ಎಲ್ಲರಿಗೂ ಕಾಣುವಂತಿದೆ. ಅಲ್ಲಿ ದಿನಕ್ಕೆ ಐದು ಬಾರಿ ನಡೆಯುವ ಪ್ರಾರ್ಥನೆಯು ನೆರೆಹೊರೆಗೆ ತಿಳಿಯದಿರಲು ಶಕ್ಯವಿಲ್ಲ. ಕಟ್ಟಿಸಿದವನ ಹೆಸರೂ ಕಲ್ಲಿನ ಮೇಲೆಯೇ ಇದೆ. ಮರೆಮಾಡುವವನು ಇದಾವುದನ್ನೂ ಬಿಡುತ್ತಿರಲಿಲ್ಲ. ಇದು ಮಸೀದಿಯೇ ಅಲ್ಲ, ಬರಿಯ ತಂಗುದಾಣವೆಂಬುದು ಇನ್ನು ಕೆಲವರ ವಾದ. ಆ ಗೂಡೂ ಸುತ್ತಣ ಗೋರಿಗಳೂ ಈ ವಾದವನ್ನು ಒಪ್ಪುವುದಿಲ್ಲ. ಸರಳವಾದ ಅರ್ಥವೇ ಇಲ್ಲಿ ಸಾಧುವಾದುದು. ಅಹಮದಖಾನನು ತನ್ನ ದೇವರಿಗೆ ಕಟ್ಟಿದುದನ್ನು ತನ್ನ ದೊರೆಗೆ ತಿಳಿಯುವ ಮಾತಿನಲ್ಲಿ ಹೇಳಿದನು. ಧರ್ಮವು ನಡೆಯುವ ಸಾಲೆಯು ಧರ್ಮಸಾಲೆ. ಅನ್ಯಧರ್ಮೀಯನು ತನ್ನ ಪ್ರಾರ್ಥನೆಯ ಪುಣ್ಯವನ್ನು ಅರಸನಿಗೆ ಅರ್ಪಿಸಬಹುದೆಂದು ಅವನು ತಿಳಿದನು. ಅರಸನು ಅದನ್ನು ಸ್ವೀಕರಿಸಿದನು. ಲಕ್ಕಣ್ಣ ದಂಡೇಶನು ಅಧಿಕಾರದಲ್ಲಿದ್ದ ಕಾಲದಲ್ಲಿಯೇ ಇದು ನಡೆಯಿತೆಂಬುದನ್ನು ಮರೆಯಲಾಗದು.

ದೇವರಾಯನು ಮುಸಲ್ಮಾನರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡ ಬಗೆಯನ್ನು ಫೆರಿಸ್ತಾ ಎಂಬ ಚರಿತ್ರಕಾರನು ಬರೆದಿರುವನು. ಬಹಮನಿ ಸುಲ್ತಾನರೊಡನೆ ಮೇಲಿಂದ ಮೇಲೆ ಸೋಲುತ್ತಿರುವುದಕ್ಕೆ ಕಾರಣವೇನೆಂದು ಅರಸನು ಸಭೆಯನ್ನು ಕೇಳಿದಾಗ, ಅವರ ಕುದುರೆಗಳೂ ಬಿಲ್ಲುಗಾರರೂ ಮೇಲೆಂಬ ಉತ್ತರವು ಬಂದಿತಂತೆ. ಆಗ ಅರಸನು ಎರಡು ಸಾವಿರ ಮುಸಲ್ಮಾನ ಬಿಲ್ಲುಗಾರರನ್ನು ಸಂಬಳಕ್ಕೆ ನೇಮಿಸಿ, ಅವರಿಂದ ತನ್ನವರಿಗೆ ವಿದ್ಯೆಯನ್ನು ಕಲಿಸಿ, ಪಟ್ಟಣದಲ್ಲಿ ಮಸೀದಿಯೊಂದನ್ನು ಕಟ್ಟಿಸಿಕೊಟ್ಟು, ಅವರು ತನಗೆ ವಂದಿಸುವಾಗ ಅವರ ಧರ್ಮಕ್ಕೆ ಬಾಧೆ ಬಾರದಂತೆ ಸಿಂಹಾಸನದ ಮುಂದೆ ಕುರಾನನ್ನು ಇರಿಸಿಕೊಳ್ಳುತ್ತಿದ್ದನಂತೆ. ಫೆರಿಸ್ತಾ ಬರೆದುದು ವಿಜಾಪುರದಲ್ಲಿ, ಈ ಸಂಗತಿಗಳಾಗಿ ನೂರೈವತ್ತು ವರುಷಗಳಿಗೂ ಮೇಲಾದ ಬಳಿಕ. ಅವನು ವಿಜಯನಗರದ ಪಕ್ಷಪಾತಿಯೂ ಅಲ್ಲ. ಅವನ ಅಂಕೆಗಳನ್ನು ಹಾಗೆಯೇ ನಂಬುವುದಕ್ಕಾಗುವುದಿಲ್ಲ. ಆದರೆ ಅಹಮದಖಾನನ ಕಲ್ಲು ಇರುವುದರಿಂದ ಕಥೆಯ ತಿರುಳು ಸುಳ್ಳೆಂದು ತಳ್ಳಿಬಿಡುವುದಕ್ಕೂ ಆಗುವುದಿಲ್ಲ.

ಅರಸರು ಮುಸಲ್ಮಾನರಿಂದ ಪಡೆದುದು ಬಿಲ್ವಿದ್ಯೆಯೊಂದೇ ಅಲ್ಲ. ಸಂಗಮ ವಂಶದ ಮೊದಲಿನವರ ಶಾಸನಗಳಲ್ಲಿಯೇ “ಹಿಂದೂರಾಯ ಸುರತ್ರಾಣ”ನೆಂಬ ಬಿರುದು ಬರುವುದು, ಸುರತ್ರಾಣನೆಂದರೆ ಸುಲ್ತಾನನೇ. ಓಲಗದಲ್ಲಿ ಅವರು ಧರಿಸುತ್ತಿದ್ದುದು ಉದ್ದನೆಯ ಕಬಾಯಿ, ತಲೆಯ ಮೇಲೆ ಎತ್ತರವಾದ ಕುಲಾಯಿ. ಎರಡೂ ಪಡುವಣ ದೇಶಗಳಿಂದ ಮಾತಿನೊಡನೆಯೇ ಬಂದ ವಸ್ತ್ರಗಳು. ಇಂದು ಹಳ್ಳಿಯ ತಾಯಿಯು ಕೂಸಿನ ತಲೆಗೆ ಕಟ್ಟುವ ಕುಲಾವಿಯು ಆ ರಾಜಕುಲಾಯಿಯ ಬಡ ನೆಂಟನೇ ಸರಿ. ಕಮಲಮಹಲಿನ ಕಮಾನುಗಳನ್ನು ನೋಡಿ ಇವು ಹೇಗೆ ಬಂದುವೆಂದು ಆಶ್ಚರ್ಯಪಡುವವರು ಈ ಕಬಾಯಿ ಕುಲಾಯಿಗಳನ್ನು ನೆನೆಯಬೇಕು. ದೇವಾಲಯವನ್ನು ಕಟ್ಟುವಾಗ ಆಗಮದ ಕಟ್ಟಳೆಯನ್ನು ಬಿಡದ ಅರಸರು ಓಲಗದ ಉಡುಪಿನಲ್ಲಿಯೂ ಓಲಗದ ಮನೆಯಲ್ಲಿಯೂ ಸುತ್ತಣ ರಾಜರುಗಳ ಮರ್ಯಾದೆಯನ್ನು ಅನುಸರಿಸಿದರು. ದೇವರ ಮನೆಗೂ ಅರಸನ ಮನೆಗೂ ಇದ್ದ ಈ ಭೇದವನ್ನು ಅವರು ತಿಳಿದೇ ಪಾಲಿಸಿದರು.

ಪಾಯಸನು ಬಂದ ವೇಳೆಗೆ ಅಹಮದಖಾನನ ಮಸೀದಿಗೆ ಎಂಬತ್ತು ವರುಷಗಳಾಗಿದ್ದುವು. ಪಟ್ಟಣದ ಒಂದು ಬೀದಿಯ ತುದಿಯಲ್ಲಿ ಮುಸಲ್ಮಾನರ ಕೇರಿಯಿದೆಯೆಂದೂ, ಅವರಲ್ಲಿ ಬಹುಮಂದಿ ಈ ದೇಶದಲ್ಲಿಯೇ ಹುಟ್ಟಿದವರೆಂದೂ, ಅರಸನ ಸಂಬಳವನ್ನುಂಡು ಅವನ ಮೈಗಾವಲಿನಲ್ಲಿರುವರೆಂದೂ ಅವನು ಬರೆದಿರುವನು. ಕೃಷ್ಣದೇವರಾಯನು ರಾಯಚೂರಿನ ಮುಂದೆ ವಿಜಾಪುರದ ಸುಲ್ತಾನನನ್ನು ಸೋಲಿಸಿದುದು 1520ರಲ್ಲಿ. ಅದೇ ಅರಸನ ಮೈಗಾವಲು ಮುಸಲ್ಮಾನರದು. ಆ ಕಾಲದ ವೈರಗಳನ್ನೂ ಮೈತ್ರಿಗಳನ್ನೂ ಈ ಕಾಲದ ಅಳತೆಗೋಲಿನಿಂದ ಅಳೆಯ ಹೊರಟವರು ಇಲ್ಲಿ ಎಡವುವರು.

1565ರ ಜನವರಿಯ ವಿಪತ್ತನ್ನು ವಿವರಿಸುವಾಗಲೂ ಹೀಗೆಯೇ. ರಕ್ಕಸಗಿ ತಂಗಡಿಗಳ ನಡುವಣ ಆ ಕದನದ ಕಥೆಯು ಎಲ್ಲರೂ ಬಲ್ಲುದು; ಅದಕ್ಕೆ ಹಿಂದಿನದನ್ನು ಬಲ್ಲವರು ಕಡಮೆ. ಗೋಲ್ಕೊಂಡದ ಇಬ್ರಾಹಿಂ ಕುತುಬಷಾಹನು ಪಟ್ಟವೇರುವುದಕ್ಕೆ ಮುಂಚೆ, ತನ್ನ ಅಣ್ಣನ ಭಯದಿಂದ ದೇಶವನ್ನು ಬಿಟ್ಟು, 1543ರಿಂದ 1550ರವರೆಗೆ ಏಳು ವರುಷ ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದನು. ವಿಜಾಪುರದ ಅಲಿ ಆದಿಲಷಾಹನಾದರೋ ರಾಮರಾಯನಿಗೆ ಪುತ್ರಶೋಕವುಂಟಾದಾಗ ಸಂತಾಪವನ್ನು ಹೇಳಲು ತಾನೇ ಈ ಪಟ್ಟಣಕ್ಕೆ ಬಂದನೆಂದೂ, ರಾಮರಾಯನ ಪತ್ನಿಯು ಅವನನ್ನು ಮಗನೆಂದು ಸ್ವೀಕರಿಸಿದಳೆಂದೂ ಫೆರಿಸ್ತಾ ಹೇಳುವನು. ಇಬ್ಬರೂ ಈ ಅರಮನೆಗಳ ಅನ್ನವನ್ನುಂಡವರು. ಇಬ್ಬರೂ ಆ ಕದನದಲ್ಲಿ ಎದುರು ಪಕ್ಷದಲ್ಲಿ ನಿಂತರು. ರಾಮರಾಯನು ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಬಹುಕಾಲ ಲಾಭವನ್ನು ಹೊಂದಿದನು. ಅವರೆಲ್ಲ ಅವನ ವಿಷಯದಲ್ಲಿ ಒಂದಾದ ದಿನ ಅವನ ತಲೆ ಉರುಳಿತು. ಅವನ ಪಕ್ಷದಲ್ಲಿಯೇ ಇದ್ದ ಇಬ್ಬರು ಮುಸಲ್ಮಾನ ನಾಯಕರು ನಡುಗದನದಲ್ಲಿ ತಿರುಗಿಬಿದ್ದರೆಂದು, ಎರಡು ವರುಷಗಳ ತರುವಾಯ ಇಲ್ಲಿಗೆ ಬಂದ ಇಟಲಿಯ ಸೀಸರ್ ಫ್ರೆಡರಿಕನು ಬರೆದಿರುವನು. ಪಾಯಸನು ಕಂಡ ನಂಬಿಗೆಯ ಮೈಗಾವಲೂ ಇದೇ ಪಟ್ಟಣದ್ದು, ಫ್ರೆಡರಿಕನು ಕೇಳಿದ ದ್ರೋಹವೂ ಇದೇ ಪಟ್ಟಣದ್ದು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ಇತಿಹಾಸವನ್ನು ಬರೆಯುವವನಿಗೆ ಉಚಿತವಲ್ಲ.

ತಿರುಮಲರಾಯನು ಪಟ್ಟಣವನ್ನು ಬಿಟ್ಟು ಪೆನುಗೊಂಡೆಗೆ ಹೋದನು. ನಡುವೆ ಒಮ್ಮೆ ಹಿಂದಿರುಗಿ ಜನರನ್ನು ನೆಲೆಗೊಳಿಸಲು ಯತ್ನಿಸಿ ವಿಫಲನಾದನು. 1567ರಲ್ಲಿ ಫ್ರೆಡರಿಕನು ಕಂಡಾಗ ಮನೆಗಳು ಇನ್ನೂ ನಿಂತಿದ್ದುವು. ಒಳಗೆ ವಾಸಿಸುವ ಜನರಿರಲಿಲ್ಲ, ಹುಲಿಗಳಿವೆಯೆಂದು ಕೇಳಿದನು. ಆದರೆ ಪಟ್ಟಣವು ಪೂರ್ಣವಾಗಿ ನಿರ್ಮಾನುಷವಾಯಿತೆಂದು ಭಾವಿಸಬಾರದು. ಚೆನ್ನಬಸವಪುರಾಣವನ್ನು ವಿದ್ಯಾನಗರದ ವಿರೂಪಾಕ್ಷ ಪಂಡಿತನು ಮುಗಿಸಿದುದು 1584ರಲ್ಲಿ, ಎಂದರೆ ಆ ಕದನವಾಗಿ ಹತ್ತೊಂಬತ್ತು ವರುಷಗಳ ಮೇಲೆ. ಅರಸುಗಳು ಹೋದರು, ಸಂತೆ ಹೋಯಿತು, ಆನೆ ಕುದುರೆಗಳು ಹೋದುವು. ವಿರೂಪಾಕ್ಷನ ಗಂಟೆಯೂ ಓಲೆಯ ಮೇಲೆ ಕಂಠವನ್ನೂರಿ ಬರೆಯುವ ಪಂಡಿತರ ಪರಂಪರೆಯೂ ಹೋಗಲಿಲ್ಲ. ಕೃಷ್ಣಾಪುರದ ಹಾದಿಯಲ್ಲಿ ದಳವಾಯಿ ಜಂಗಮಯ್ಯನು 1545ರಲ್ಲಿ ಪ್ರತಿಷ್ಠೆ ಮಾಡಿಸಿದ ಎತ್ತರವಾದ ವೀರಭದ್ರಮೂರ್ತಿಗೆ ಇಂದಿಗೂ ಪೂಜೆ ಸಲ್ಲುತ್ತಿರುವುದು.

ಉಳಿದುದನ್ನು ಕೆಡಿಸಿದ ಕೀರ್ತಿಯಲ್ಲಿ ಹೆಚ್ಚಿನ ಪಾಲು ನಿಕ್ಷೇಪವನ್ನು ಹುಡುಕುವವರಿಗೆ ಸೇರತಕ್ಕದ್ದು. ಪೀಠಗಳನ್ನು ಕಿತ್ತು, ನೆಲಗಟ್ಟನ್ನು ಅಗೆದು, ಗೋಡೆಗಳ ಬುಡವನ್ನು ಕೊರೆದು ಅವರು ಶತಮಾನಗಳ ಕಾಲ ಮಾಡಿದ ಹಾನಿಗೆ ಯಾವ ಸುಲ್ತಾನನನ್ನೂ ದೂರಬೇಕಾದುದಿಲ್ಲ. 1799ರ ಸುಮಾರಿಗೆ ಕಾಲಿನ್ ಮೆಕೆಂಜಿಯ ಅಳತೆಯವರು ನಕ್ಷೆಯನ್ನು ಬರೆದರು. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಛಾಯಾಚಿತ್ರಗಳನ್ನು ತೆಗೆದನು. 1900ರಲ್ಲಿ ರಾಬರ್ಟ್ ಸೀವೆಲನು ಪಾಯಸ ನೂನಿಜರ ವೃತ್ತಾಂತಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ, ಇದನ್ನು ಮರೆತುಹೋದ ಸಾಮ್ರಾಜ್ಯವೆಂದನು. ಬಿ. ಸೂರ್ಯನಾರಾಯಣ ರಾಯರು 1905ರಲ್ಲಿ ಬರೆದ ತಮ್ಮ ಗ್ರಂಥಕ್ಕೆ ಎಂದಿಗೂ ಮರೆಯಲಾಗದ ಸಾಮ್ರಾಜ್ಯವೆಂದು ಹೆಸರಿಟ್ಟು ಆ ಮಾತಿಗೆ ಉತ್ತರವನ್ನು ಕೊಟ್ಟರು. ಅದೇ ವರುಷ ಆಲೂರ ವೆಂಕಟರಾಯರು ಹಂಪೆಯನ್ನು ಕಂಡು ಕರ್ನಾಟಕದ ಏಕೀಕರಣದ ದೀಕ್ಷೆಯನ್ನು ತೊಟ್ಟರು. 1936ರಲ್ಲಿ ವಿಜಯನಗರದ ಆರುನ್ನೂರನೆಯ ವರುಷದ ಉತ್ಸವವು ಇಲ್ಲಿಯೇ ನಡೆಯಿತು. 1986ರಲ್ಲಿ ಯುನೆಸ್ಕೊ ಸಂಸ್ಥೆಯು ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಜಾತ್ರೆಗೆ ಬಂದ ಭಕ್ತನು ಒಂದು ದಿನ ಹೆಚ್ಚಾಗಿ ತಂಗುವುದಾದರೆ ಹೊತ್ತೇರುವ ಮುಂಚೆಯೇ ಕಮಲಾಪುರದ ಕಡೆಗೆ ಹೊರಡುವುದು ಮೇಲು. ಬಂಡೆಗಳು ಕಾದ ಮೇಲೆ ಅಲ್ಲಿ ನಡೆಯುವುದು ಪ್ರಯಾಸಕರ. ಕಲ್ಲಿನ ದೋಣಿಗಳಲ್ಲಿ ನೀರು ಹರಿದುಬರುತ್ತಿದ್ದ ಹಾದಿಯನ್ನು ಅನುಸರಿಸಿ ಪುಷ್ಕರಣಿಯನ್ನು ನೋಡಿ, ದಿಬ್ಬವನ್ನೇರಿ ಇಳಿದು, ಹಜಾರರಾಮನ ಗುಡಿಯ ಗೋಡೆಗಳನ್ನು ಸುತ್ತಿ, ಎರಡನೆಯ ಹರಿಹರನ ಕಾಲದಲ್ಲಿ ಇರುಗಪ್ಪ ದಂಡನಾಯಕನು ಕಟ್ಟಿಸಿದ ಜಿನಾಲಯವನ್ನು ಕಂಡು, ಆಮೇಲೆ ತಳವಾರಘಟ್ಟದ ದಾರಿಯಲ್ಲಿ ಅಹಮದಖಾನನ ಚಾವಡಿಗೆ ಹೋಗಬಹುದು. ಅಲ್ಲಿ ಮಾರುವವರೂ ಇಲ್ಲ, ತೋರಿಸುವವರೂ ಇಲ್ಲ. ಅಕ್ಷರಗಳು ಸವೆದಿರುವುದರಿಂದ ಓರೆಯಾದ ಬೆಳಕಿನಲ್ಲಿ ನೋಡಬೇಕು. ಹಿಂದಿರುಗಿ ಹೊಸಪೇಟೆಗೆ ಹೋಗುವಾಗ ಕದಿರಾಂಪುರದ ಬಳಿ, ದಾರಿಯಿಂದ ಸ್ವಲ್ಪ ದೂರದಲ್ಲಿ, ಗುಮ್ಮಟಗಳುಳ್ಳ ಎರಡು ಗೋರಿಗಳು ಕಾಣುವುವು, ಒಂದು ದೊಡ್ಡದು, ಒಂದು ಚಿಕ್ಕದು. ಅಲ್ಲಿಂದ ಮುಂದೆ ಕಬ್ಬಿನ ಗದ್ದೆಗಳ ಅಂಚಿನಲ್ಲಿ ರಾಯರು ತೋಡಿಸಿದ ಕಾಲುವೆಯು ಜೊತೆಗೇ ಹರಿಯುತ್ತಿರುವುದು.